ಕಲ್ಲಿದ್ದಲ ಪದರದಿಂದ ಗ್ಯಾಸ್ ತೆಗೆಯಲು ನಿಯಂತ್ರಿತ ಬ್ಲಾಸ್ಟಿಂಗ್: ದುರ್ಗದ ಹುಡುಗರಿಗೊಂದು ಮಾರ್ಗದರ್ಶಿ

ಹೊಳಲ್ಕೆರೆ, ಭೀಮಸಮುದ್ರ, ಹೊಸದುರ್ಗದ ಕಡೆ ಬ್ಲಾಸ್ಟಿಂಗ್ ಅಂದರೆ ಏನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಅದಿರಿನ ಗಣಿ, ಜಲ್ಲಿ ಕ್ವಾರಿ ನೋಡಿಕೊಂಡೇ ಬೆಳೆದವರು ನಾವು. 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ಚಿತ್ರದುರ್ಗ, ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರಿನ ಗಣಿಗಳು ನಿಂತಾಗ ಒಂದೇ ಗಣಿಗಾರಿಕೆಯನ್ನು ನೆಚ್ಚಿ ಕೂರುವಂತಿಲ್ಲ ಎಂಬುದೂ ನಮಗೆ ಗೊತ್ತಾಯಿತು. ಮೈನಿಂಗ್ ಡಿಪ್ಲೊಮಾ ಮುಗಿಸಿ ತೆಲಂಗಾಣದ ಸಿಂಗರೇಣಿಗೋ ಜಾರ್ಖಂಡಿನ ಝರಿಯಾಕ್ಕೋ ಹೋಗುವ ಯೋಚನೆಯಲ್ಲಿರುವ ಹುಡುಗರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ವಿಷಯ ಇಷ್ಟು: ನೆಲದೊಳಗಿನ ಕಲ್ಲಿದ್ದಲ ಪದರದಲ್ಲಿ ಮೀಥೇನ್ ಗ್ಯಾಸ್ ತುಂಬಿಕೊಂಡಿರುತ್ತದೆ. ಕಲ್ಲಿದ್ದಲು ಕೀಳುವ ಮೊದಲೇ ಅದನ್ನು ತೂತು ಕೊರೆದು ಹೊರಗೆ ಎಳೆದುಕೊಂಡರೆ ಕೆಲಸಗಾರರ ಜೀವ ಉಳಿಯುತ್ತದೆ. ಆದರೆ ಕೆಲವು ಪದರಗಳು ಗ್ಯಾಸ್ ಬಿಟ್ಟುಕೊಡುವುದಿಲ್ಲ. ಅಂಥಲ್ಲಿ ಪದರದೊಳಗೆ ಅಳತೆಯಿಟ್ಟು ಬ್ಲಾಸ್ಟ್ ಮಾಡಿ ಬಿರುಕು ಬಿಡಿಸಿ, ಗ್ಯಾಸಿಗೆ ದಾರಿ ಮಾಡುತ್ತಾರೆ. ಇದನ್ನು ವಿವರಿಸುವಾಗ ನಮ್ಮ ಕಡೆಯವರು ತಟ್ಟನೆ ಕೇಳುವ ಪ್ರಶ್ನೆ, "ಸರ್, ಹೋಲ್ ಹಾಕಿ ಮದ್ದು ತುಂಬೋದೇ ತಾನೆ?" ಅಲ್ಲಪ್ಪ. ಕ್ವಾರಿಯಲ್ಲಿ ಕಲ್ಲು ಕಿತ್ತು ಮುಂದಕ್ಕೆ ಬಿದ್ದರೆ ಕೆಲಸ ಗೆದ್ದಂತೆ. ಇಲ್ಲಿ ಒಂದು ಬುಟ್ಟಿ ಕಲ್ಲಿದ್ದಲೂ ಜಾಗ ಬಿಟ್ಟು ಕದಲಬಾರದು. ಕ್ವಾರಿಯಲ್ಲಿ ಕೈಗೆ ಹತ್ತಿದ ಅಭ್ಯಾಸಗಳಲ್ಲಿ ಅರ್ಧಕ್ಕರ್ಧ ಇಲ್ಲಿ ಬಿಡಬೇಕಾಗುತ್ತದೆ.

ಮದ್ದಿನ ತೂಕ, ತೂತಿನ ಅಂತರದಂಥ ಲೆಕ್ಕಗಳನ್ನು ಇಲ್ಲಿ ಬೇಕೆಂದೇ ಕೊಟ್ಟಿಲ್ಲ. ಅವು ಆಯಾ ಗಣಿಯ ಪರೀಕ್ಷೆಯಿಂದ, ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ಅಂದರೆ ಡಿಜಿಎಂಎಸ್‌ನ ಅನುಮತಿ ಪತ್ರದಿಂದ ಬರಬೇಕು. ಒಂದು ಗಣಿಯ ಲೆಕ್ಕವನ್ನು ಇನ್ನೊಂದು ಗಣಿಗೆ ಹೊತ್ತೊಯ್ಯುವುದು ಈ ಕೆಲಸದಲ್ಲಿ ಜೀವಕ್ಕೆ ಎರವಾಗುವ ತಪ್ಪು.

ಗ್ಯಾಸ್ ಎಲ್ಲಿ ಅಡಗಿದೆ?

ನಮ್ಮ ಜಿಲ್ಲೆಯಲ್ಲಿ ಕಲ್ಲಿದ್ದಲಿಲ್ಲ, ಸಿಗುವುದೂ ಇಲ್ಲ. ದುರ್ಗದ ಶಿಲೆಗಳು 250 ಕೋಟಿ ವರ್ಷಕ್ಕೂ ಹಳೆಯವು. ಆಗ ನೆಲದ ಮೇಲೆ ಗಿಡಮರಗಳೇ ಇರಲಿಲ್ಲ. ಝರಿಯಾ, ಪಶ್ಚಿಮ ಬಂಗಾಳದ ರಾಣಿಗಂಜ್, ಸಿಂಗರೇಣಿಯ ಗೊಂಡ್ವಾನ ಕಲ್ಲಿದ್ದಲು ಹುಟ್ಟಿದ್ದು ಸುಮಾರು 25ರಿಂದ 30 ಕೋಟಿ ವರ್ಷದ ಹಿಂದೆ, ಕಾಡುಗಳು ಜೌಗಿನಲ್ಲಿ ಹೂತು. ಆ ಸಸ್ಯರಾಶಿ ಕಲ್ಲಿದ್ದಲಾಗುವಾಗ ಹುಟ್ಟಿದ ಮೀಥೇನಿನಲ್ಲಿ ಒಂದು ಪಾಲು ಅಲ್ಲೇ ಉಳಿದಿದೆ.

ಎಲ್ಲಾದರೂ ಒಳ್ಳೆಯ ಕಲ್ಲಿದ್ದಲ ಹೆಂಟೆಯೊಂದು ಸಿಕ್ಕರೆ ಬಿಸಿಲಿಗೆ ಹಿಡಿದು ನೋಡಿ. ಹೊಳೆಯುವ ಪಟ್ಟಿ, ಮಂಕು ಪಟ್ಟಿ ಒಂದರ ಮೇಲೊಂದು ಕೂತಿರುತ್ತವೆ. ಹೊಳೆಯುವ ಪಟ್ಟಿಯಲ್ಲಿ ಕೂದಲೆಳೆಯಂಥ ಬಿರುಕುಗಳು ನೆಟ್ಟಗೆ ಸಾಲಾಗಿ ಇಳಿದಿರುತ್ತವೆ. ಅವಕ್ಕೆ ಅಡ್ಡಲಾಗಿ ಇನ್ನೊಂದು ಸಾಲು ಗಿಡ್ಡ ಬಿರುಕುಗಳು. ಉಗುರಿನಿಂದ ಒತ್ತಿದರೆ ಅದೇ ಗೆರೆಗುಂಟ ಚೌಕಚೌಕವಾಗಿ ಉದುರುತ್ತದೆ. ಇವಕ್ಕೆ ಕ್ಲೀಟ್ ಅನ್ನುತ್ತಾರೆ. ಉದ್ದದ್ದು ಫೇಸ್ ಕ್ಲೀಟ್, ಅಡ್ಡದ್ದು ಬಟ್ ಕ್ಲೀಟ್. ಗ್ಯಾಸ್ ಹರಿಯುವುದು ಈ ಬಿರುಕುಗಳಲ್ಲಿ. ಆದರೆ ಅದರ ಬಹುಪಾಲು ಅಡಗಿರುವುದು ಬಿರುಕಿನಲ್ಲಲ್ಲ; ಕಣ್ಣಿಗೆ ಕಾಣದ ಸೂಕ್ಷ್ಮ ರಂಧ್ರಗಳ ಒಳಮೈಗೆ ಅಂಟಿಕೊಂಡು. ಒಂದು ಗ್ರಾಂ ಕಲ್ಲಿದ್ದಲಿನ ಒಳಮೈ ಹತ್ತಾರು ಚದರ ಮೀಟರ್ ಆಗುತ್ತದೆ ಅಂದರೆ ಎಷ್ಟು ಗ್ಯಾಸ್ ಹಿಡಿಯಬಲ್ಲದು ಎಂಬ ಅಂದಾಜು ಸಿಗುತ್ತದೆ. ಸುತ್ತಲ ಒತ್ತಡ ಇಳಿದಾಗ ಅದು ಮೈಯಿಂದ ಬಿಡಿಸಿಕೊಂಡು, ಮೆಲ್ಲಗೆ ಕ್ಲೀಟಿಗೆ ಬಂದು, ಅಲ್ಲಿಂದ ತೂತಿನ ಕಡೆ ಹರಿಯುತ್ತದೆ.

ನಮ್ಮೂರ ಬೋರ್‌ವೆಲ್ ನೆನೆಸಿಕೊಳ್ಳಿ. ಬಂಡೆಯಲ್ಲಿ ಬಿರುಕು ಸಿಕ್ಕಿದ ಬೋರಿಗೆ ನೀರು, ಹತ್ತು ಮಾರು ಆಚೆ ಬಿರುಕು ತಪ್ಪಿದ ಬೋರಿಗೆ ಬರೀ ಧೂಳು. ಗ್ಯಾಸಿನ ತೂತಿನ ಹಣೆಬರಹವೂ ಇದೇ. ಪದರ ಆಳಕ್ಕೆ ಹೋದಷ್ಟೂ ಮೇಲಿನ ಕಲ್ಲಿನ ಭಾರಕ್ಕೆ ಕ್ಲೀಟುಗಳು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಗ್ಯಾಸ್ ಹೆಚ್ಚು, ದಾರಿ ಕಡಿಮೆ. ಬ್ಲಾಸ್ಟಿಂಗ್ ಬೇಕಾಗುವುದು ಇಂಥಲ್ಲಿ.

ಮೀಥೇನ್ ಗಾಳಿಯಲ್ಲಿ ಶೇ. 5ರಿಂದ 15ರವರೆಗೆ ಬೆರೆತಾಗ ಸ್ಫೋಟಿಸುತ್ತದೆ, ಶೇ. 9.5ರ ಆಸುಪಾಸಿನಲ್ಲಿ ಅದರ ಹೊಡೆತ ಅತಿ ಹೆಚ್ಚು. ಗಾಳಿಗಿಂತ ಹಗುರ, ಹಾಗಾಗಿ ಸುರಂಗದ ಸೂರಿಗೆ ಹೋಗಿ ಕೂರುತ್ತದೆ. ಅದು ಹತ್ತಿಕೊಂಡು ಕಲ್ಲಿದ್ದಲ ಧೂಳನ್ನೂ ಎಬ್ಬಿಸಿತೆಂದರೆ ಮುಗಿಯಿತು. 1965ರ ಮೇ 28ರಂದು ಈಗಿನ ಜಾರ್ಖಂಡಿನ ಧೋರಿ ಗಣಿಯಲ್ಲಿ 268 ಜನ ಸತ್ತರು. 2006ರ ಸೆಪ್ಟೆಂಬರಿನಲ್ಲಿ ಝರಿಯಾದ ಭಾಟಡೀಹ್ ಗಣಿಯಲ್ಲಿ 50 ಜನ. ಕೆಳಗೆ ಹೇಳುವ ಒಂದೊಂದು ಹೆಜ್ಜೆಯನ್ನೂ ಈ ಸಾವುಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು.

ಹೆಜ್ಜೆ 1: ಇದು ನಿಜಕ್ಕೂ ಬೇಕೇ?

ಕೋಲ್ ಮೈನ್ಸ್ ರೆಗ್ಯುಲೇಷನ್ಸ್ 2017ರ ಪ್ರಕಾರ ಪದರಗಳಿಗೆ ಮೂರು ದರ್ಜೆ. ಟನ್ ಕಲ್ಲಿದ್ದಲಿಗೆ 1 ಘನ ಮೀಟರ್ ಮೀರದೆ ಗ್ಯಾಸ್ ಬಿಡುವ, ಗಾಳಿಯಲ್ಲಿ ಗ್ಯಾಸ್ ಶೇ. 0.1 ದಾಟದ ಪದರ ಮೊದಲ ಡಿಗ್ರಿ. 1ರಿಂದ 10 ಘನ ಮೀಟರ್ ಎರಡನೆಯದು, 10 ದಾಟಿದರೆ ಮೂರನೆಯದು. ಮೊದಲ ಡಿಗ್ರಿಯ ಗಣಿಯಲ್ಲಿ ಒಳ್ಳೆಯ ಗಾಳಿ ಸಂಚಾರವೇ ಸಾಕು; ಗ್ಯಾಸಿಗೆಂದು ಬ್ಲಾಸ್ಟಿಂಗ್ ಮಾತೆತ್ತುವುದೂ ಬೇಡ. ಮೂರನೆಯ ಡಿಗ್ರಿಯ ಗಣಿಗಳು ನಮ್ಮ ದೇಶದಲ್ಲಿ ಕೆಲವೇ, ಮುಖ್ಯವಾಗಿ ಝರಿಯಾ ಮತ್ತು ರಾಣಿಗಂಜ್ ಕಡೆ. ಝರಿಯಾದ ಮೂನಿಡೀಹ್ ಅಂಥದೊಂದು. ಪದರದ ಮೀಥೇನ್ ತೆಗೆದು ವಿದ್ಯುತ್ ಮಾಡುವ ಪ್ರಾಯೋಗಿಕ ಯೋಜನೆ ನಡೆದದ್ದೂ ಅಲ್ಲೇ. ಆಳದ ಪದರಗಳಲ್ಲಿ ಬ್ಲಾಸ್ಟ್ ಮಾಡಿ ಗ್ಯಾಸ್ ಬಿಡಿಸುವ ಕೆಲಸ ಹೆಚ್ಚು ನಡೆದಿರುವುದು ಚೀನಾದ ಗಣಿಗಳಲ್ಲಿ.

ತೂತುಗಳಿಂದ ಗ್ಯಾಸ್ ಬರುತ್ತಿಲ್ಲ ಅಂದ ತಕ್ಷಣ ಪದರವನ್ನು ದೂರಬೇಡಿ. ಮೊದಲ ಅನುಮಾನ ಸೀಲಿನ ಮೇಲಿರಲಿ. ತೂತಿನ ಬಾಯಲ್ಲಿ ಕೂರಿಸಿದ ಪೈಪಿನ ಸುತ್ತ ಸಿಮೆಂಟ್ ಗ್ರೌಟ್ ಸರಿಯಾಗಿ ಹಿಡಿಯದಿದ್ದರೆ ಪಂಪು ಗ್ಯಾಸಿನ ಬದಲು ಸುರಂಗದ ಗಾಳಿಯನ್ನೇ ಹೀರುತ್ತಿರುತ್ತದೆ. ಎರಡನೆಯದು ನೀರು: ಕೆಳಮುಖದ ತೂತಿನಲ್ಲಿ ನೀರು ನಿಂತರೆ ಗ್ಯಾಸ್ ಮೇಲೇಳದು. ಮೂರನೆಯದು ದಿಕ್ಕು: ತೂತು ಫೇಸ್ ಕ್ಲೀಟನ್ನು ಅಡ್ಡ ಹಾಯ್ದರೆ ಹೆಚ್ಚು ಬಿರುಕುಗಳನ್ನು ಮುಟ್ಟುತ್ತದೆ, ಅದಕ್ಕೆ ಸಮಾನಾಂತರ ಓಡಿದರೆ ಕಡಿಮೆ. ಈ ಮೂರನ್ನೂ ಸರಿಪಡಿಸಿ, ಇನ್ನಷ್ಟು ತೂತು ಹಾಕಿ ನೋಡಿ, ಆಮೇಲೂ ಬರದಿದ್ದರೆ ಮಾತ್ರ ಮುಂದಿನ ಮಾತು.

ಹೆಜ್ಜೆ 2: ಮೊದಲಿನ ಲೆಕ್ಕ ಬರೆದಿಡಿ

ಇದು ಬೇಸರದ ಹೆಜ್ಜೆ, ಎಲ್ಲರೂ ಹಾರಿಸುವ ಹೆಜ್ಜೆ. ನನ್ನ ಮಟ್ಟಿಗೆ ಇಡೀ ಕೆಲಸದ ಬೆನ್ನೆಲುಬು ಇದೇ.

ಪದರದಿಂದ ಕೊರೆದು ತೆಗೆದ ಕಲ್ಲಿದ್ದಲ ಮಾದರಿಯನ್ನು ತಡಮಾಡದೆ ಗಾಳಿಯಾಡದ ಡಬ್ಬಿಗೆ ಹಾಕಿ ಮುಚ್ಚಬೇಕು. ಡಬ್ಬಿಯಲ್ಲಿ ದಿನಗಟ್ಟಲೆ ಹೊರಬರುವ ಗ್ಯಾಸ್ ಒಂದು ಲೆಕ್ಕ; ಮಾದರಿ ಕೈಗೆ ಬರುವಷ್ಟರಲ್ಲಿ ಕಳೆದುಹೋದದ್ದರ ಅಂದಾಜು ಇನ್ನೊಂದು; ಕೊನೆಗೆ ಪುಡಿಮಾಡಿದಾಗ ಬರುವ ಉಳಿಕೆ ಮತ್ತೊಂದು. ಮೂರನ್ನೂ ಕೂಡಿಸಿದರೆ ಟನ್ನಿಗೆ ಎಷ್ಟು ಘನ ಮೀಟರ್ ಎಂದು ಗೊತ್ತಾಗುತ್ತದೆ. ಮಾದರಿ ತೆಗೆದ ಸಮಯವನ್ನು ನಿಮಿಷ ಬಿಡದೆ ಬರೆಯಿರಿ, ಇಲ್ಲವಾದರೆ ಕಳೆದುಹೋದ ಗ್ಯಾಸಿನ ಅಂದಾಜು ಹಳ್ಳ ಹಿಡಿಯುತ್ತದೆ.

ಜೊತೆಗೆ ಪದರದೊಳಗಿನ ಗ್ಯಾಸಿನ ಒತ್ತಡ, ಪ್ರತಿ ತೂತಿನಿಂದ ನಿಮಿಷಕ್ಕೆ ಬರುವ ಹರಿವು, ಅದರಲ್ಲಿ ಮೀಥೇನ್ ಎಷ್ಟು ಶೇಕಡಾ, ಪಂಪಿನ ಸೆಳೆತ ಎಷ್ಟು ಎಂಬುದನ್ನು ಕೆಲವು ವಾರ ಬರೆದಿಡಿ. ಬ್ಲಾಸ್ಟ್ ಮಾಡದೆ ಬಿಡುವ ಕೆಲವು ತೂತುಗಳನ್ನು ಈಗಲೇ ಗುರುತು ಹಾಕಿ. ಮುಂದೆ ಹೋಲಿಸಲು ಅವೇ ಆಧಾರ.

ಹೆಜ್ಜೆ 3: ಜಾಗ, ಅನುಮತಿ

ಹತ್ತಿರ ದೊಡ್ಡ ಫಾಲ್ಟ್, ಅಂದರೆ ಶಿಲೆ ಮುರಿದು ಸರಿದ ಜಾಗ ಇದೆಯೇ, ಹಳೆಯ ನೀರು ತುಂಬಿದ ಗಣಿ ಇದೆಯೇ, ಸೂರಿನ ಕಲ್ಲು ಸಡಿಲವೇ, ಪದರ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಜಾತಿಯದೇ: ಇಷ್ಟನ್ನೂ ಪ್ಲಾನ್ ಮುಂದಿಟ್ಟುಕೊಂಡು ನೋಡಬೇಕು. ಗ್ಯಾಸ್ ಒತ್ತಡ ಹೆಚ್ಚಿರುವ ಪದರದಲ್ಲಿ ಬ್ಲಾಸ್ಟೇ ಕಲ್ಲಿದ್ದಲನ್ನೂ ಗ್ಯಾಸನ್ನೂ ಒಟ್ಟಿಗೆ ಸುರಂಗಕ್ಕೆ ಉಗುಳಿಸಿಬಿಡಬಹುದು. ಗಣಿಯವರು ಇದನ್ನು ಔಟ್‌ಬರ್ಸ್ಟ್ ಅನ್ನುತ್ತಾರೆ. ಅಂಥ ಕಡೆ ಪದರದ ಕೆಳಗಿನ ಕಲ್ಲಿನಲ್ಲಿ ಸುರಂಗ ತೆಗೆದು, ಅಲ್ಲಿಂದ ಮೇಲಕ್ಕೆ ಪದರವನ್ನು ಚುಚ್ಚುವಂತೆ ಕೊರೆಯುತ್ತಾರೆ. ನಡುವೆ ಗಟ್ಟಿ ಕಲ್ಲಿನ ರಕ್ಷಣೆ ಇರುತ್ತದೆ. ಖರ್ಚು ಹೆಚ್ಚು, ಆದರೂ ಅದೇ ಸರಿಯಾದ ದಾರಿ.

ಇದು ದಿನನಿತ್ಯದ ಫೇಸ್ ಬ್ಲಾಸ್ಟಿಂಗ್ ಅಲ್ಲ. ವೈಜ್ಞಾನಿಕ ಸಂಸ್ಥೆಯೊಂದರ ಅಧ್ಯಯನ ಮತ್ತು ಡಿಜಿಎಂಎಸ್ ಅನುಮತಿ ಇಲ್ಲದೆ ಯಾವ ಮ್ಯಾನೇಜರೂ ಕೈ ಹಾಕಬಾರದು, ನೀವೂ ಕೈ ಜೋಡಿಸಬಾರದು.

ಹೆಜ್ಜೆ 4: ತೂತುಗಳ ಜೋಡಣೆ

ಕ್ವಾರಿಯಲ್ಲಿ ಫ್ರೀ ಫೇಸ್, ಅಂದರೆ ಕಲ್ಲು ಬಿಡಿಸಿಕೊಳ್ಳಲು ತೆರೆದ ಬದಿ, ಇಲ್ಲದೆ ಹೋಲ್ ಹೊಡೆದರೆ ಏನಾಗುತ್ತದೆಂದು ಬಲ್ಲಿರಿ: ಕಲ್ಲು ಬಿಡುವುದಿಲ್ಲ, ನೆಲ ಮಾತ್ರ ನಡುಗುತ್ತದೆ. ಪದರದ ಒಳಗಂತೂ ಎಲ್ಲ ಕಡೆಯಿಂದಲೂ ಒತ್ತಡ. ಹಾಗಾಗಿ ಮದ್ದು ತುಂಬುವ ತೂತುಗಳ ನಡುನಡುವೆ ಖಾಲಿ ತೂತುಗಳನ್ನು ಬಿಡುತ್ತಾರೆ. ಖಾಲಿ ತೂತೇ ಇಲ್ಲಿ ಫ್ರೀ ಫೇಸ್.

ಮದ್ದು ಸಿಡಿದಾಗ ಮೊದಲು ಹೊರಡುವುದು ಆಘಾತದ ಅಲೆ. ತೂತಿನ ಗೋಡೆಗೆ ಅಂಟಿದ ಕಲ್ಲಿದ್ದಲು ಪುಡಿಯಾಗುತ್ತದೆ; ಇದು ತೂತಿನ ಅಳತೆಯ ಕೆಲವೇ ಪಟ್ಟು ದೂರ. ಅದರಾಚೆ ಅಲೆ ಸೊರಗಿ, ಪುಡಿ ಮಾಡುವ ಶಕ್ತಿ ಕಳೆದುಕೊಂಡರೂ ಸೀಳುವ ಶಕ್ತಿ ಉಳಿಸಿಕೊಂಡಿರುತ್ತದೆ. ಕಲ್ಲಿದ್ದಲು ಅದುಮುವುದನ್ನು ತಡೆದಷ್ಟು ಎಳೆಯುವುದನ್ನು ತಡೆಯದು. ಸುತ್ತಲೂ ಕಿರಣದಂತೆ ಬಿರುಕು ಮೂಡುತ್ತದೆ. ಹಿಂದೆಯೇ ಸ್ಫೋಟದ ಬಿಸಿ ಅನಿಲಗಳು ಆ ಬಿರುಕಿಗೆ ನುಗ್ಗಿ ಇನ್ನಷ್ಟು ಉದ್ದಕ್ಕೆ ಎಳೆಯುತ್ತವೆ. ಅತ್ತ ಅಲೆ ಖಾಲಿ ತೂತಿಗೆ ಬಡಿದು ಮರಳುವಾಗ ಅಲ್ಲಿಯೂ ಸೀಳು ಹುಟ್ಟಿ, ಎರಡೂ ಕಡೆಯ ಬಿರುಕುಗಳು ಕೂಡಿಕೊಳ್ಳುತ್ತವೆ. ಆಮೇಲೆ ಅದೇ ಖಾಲಿ ತೂತಿಗೆ ಪೈಪು ಜೋಡಿಸಿ ಗ್ಯಾಸ್ ಎಳೆಯುತ್ತಾರೆ.

ಪುಡಿಯಾದ ಭಾಗದಿಂದ ಲಾಭವಿಲ್ಲ, ನಷ್ಟವೇ. ನುಣ್ಣನೆಯ ಪುಡಿ ಬಿರುಕಿನ ಬಾಯಿಯನ್ನೇ ಮುಚ್ಚಿಬಿಡುತ್ತದೆ. ಅದಕ್ಕೇ ಮದ್ದಿನ ಕಡ್ಡಿ ತೂತಿಗಿಂತ ಸಣ್ಣದಿದ್ದು, ಸುತ್ತ ಗಾಳಿಯ ಜಾಗ ಉಳಿಯುವಂತೆ ಮಾಡುತ್ತಾರೆ. ಗೋಡೆಗೆ ಬೀಳುವ ಪೆಟ್ಟು ಮೆತ್ತಗಾಗುತ್ತದೆ. ಮದ್ದು ಹೆಚ್ಚಾದಷ್ಟೂ ಒಳ್ಳೆಯದು ಎಂಬ ಕ್ವಾರಿಯ ನಂಬಿಕೆ ಇಲ್ಲಿ ಪೂರ್ತಿ ತಲೆಕೆಳಗು. ಸೂರಿನ ಕಲ್ಲಿಗೂ ನೆಲಕ್ಕೂ ಬಿರುಕು ಹಬ್ಬಿದರೆ ನಾಳೆ ಆ ಸೂರಿನಡಿ ಕೆಲಸ ಮಾಡುವವರು ಅದರ ಬೆಲೆ ತೆರುತ್ತಾರೆ.

ಹೆಜ್ಜೆ 5: ಮದ್ದು, ಕೇಪು, ಸ್ಟೆಮ್ಮಿಂಗ್

ತೆರೆದ ಗಣಿಯ ಎಎನ್‌ಎಫ್‌ಒ ಮದ್ದು ಇಲ್ಲಿ ನಿಷಿದ್ಧ. ಪರ್ಮಿಟೆಡ್, ಅಂದರೆ ಗ್ಯಾಸ್ ಇರುವ ಗಣಿಗೆಂದು ಅನುಮತಿ ಪಡೆದ ಮದ್ದು ಮಾತ್ರ. ಅದರ ಜ್ವಾಲೆ ಚಿಕ್ಕದು, ಬಿಸಿ ಕಡಿಮೆ, ಗ್ಯಾಸಿಗೆ ಕಿಡಿ ತಗಲದಂತೆ ತಂಪು ಮಾಡುವ ಲವಣಗಳನ್ನು ಸೇರಿಸಿರುತ್ತಾರೆ. ಅದರಲ್ಲೂ ಪಿ1, ಪಿ3, ಪಿ5 ಎಂದು ಬಗೆಗಳಿವೆ, ಗಣಿಯ ಡಿಗ್ರಿಗೆ, ಕೆಲಸದ ಬಗೆಗೆ ತಕ್ಕಂತೆ. ಡೆಟೊನೇಟರಿನ, ಅಂದರೆ ಮದ್ದನ್ನು ಸಿಡಿಸುವ ಕೇಪಿನ ಕೊಳವೆ ತಾಮ್ರದ್ದಿರಬೇಕು. ಅಲ್ಯೂಮಿನಿಯಂ ಚೂರು ಉರಿಯುತ್ತಾ ಹಾರಿ ಗ್ಯಾಸ್ ಹೊತ್ತಿಸಬಲ್ಲದು.

ಡಿಲೇ, ಅಂದರೆ ಒಂದು ತೂತು ಸಿಡಿದು ಮುಂದಿನದು ಸಿಡಿಯುವ ನಡುವಿನ ಹೊತ್ತು ಕೂಡ ಹಾಗೆಯೇ. ಕ್ವಾರಿಯಲ್ಲಿ ಸಾಲು ಸಾಲಿಗೆ ಧಾರಾಳ ಡಿಲೇ ಕೊಡುತ್ತೇವೆ. ಗ್ಯಾಸ್ ಗಣಿಯಲ್ಲಿ ಮೊದಲ ತೂತು ಬಿಡಿಸಿದ ಮೀಥೇನ್ ಕೊನೆಯ ತೂತಿನ ಬೆಂಕಿಗೆ ಸಿಗಬಾರದು. ಚೀನಾದ ನಿಯಮದಲ್ಲಿ ಮೊದಲಿನಿಂದ ಕೊನೆಯ ಕೇಪಿನವರೆಗೆ 130 ಮಿಲಿಸೆಕೆಂಡ್ ದಾಟುವಂತಿಲ್ಲ.

ಸ್ಟೆಮ್ಮಿಂಗ್, ಅಂದರೆ ಮದ್ದಿನ ಮೇಲೆ ತೂತಿನ ಬಾಯಿ ಮುಚ್ಚುವ ಕೆಲಸದ ಬಗ್ಗೆ ಕಟ್ಟುನಿಟ್ಟಾಗಿರಿ. ಕೊರೆದ ಪುಡಿಯನ್ನೇ ತೂತಿಗೆ ತುಂಬುವ ಕ್ವಾರಿಯ ರೂಢಿ ಇಲ್ಲಿ ಸಲ್ಲದು, ಆ ಪುಡಿ ಕಲ್ಲಿದ್ದಲು. ಜೇಡಿಮಣ್ಣಿಗೆ ಮರಳು ಬೆರೆಸಿ, ಹದವಾಗಿ ನೀರು ಹಾಕಿ, ಅಂಗೈಯಲ್ಲಿ ಹೊಸೆದು ದಪ್ಪ ಕಡ್ಡಿ ಮಾಡುತ್ತಾರೆ. ಹದ ಗೊತ್ತಾಗುವುದು ಕೈಗೇ: ಬಗ್ಗಿಸಿದರೆ ಬಿರಿಯಬಾರದು, ಹಿಂಡಿದರೆ ನೀರು ಜಿನುಗಬಾರದು. ಒಂದೊಂದನ್ನೇ ಒಳಗಿಟ್ಟು ಮರದ ಕೋಲಿನಿಂದ ಒತ್ತಬೇಕು. ಕಬ್ಬಿಣದ ಸಲಾಕೆ ಹತ್ತಿರವೂ ಬರಬಾರದು. ಸ್ಟೆಮ್ಮಿಂಗ್ ಹಾರಿಹೋದರೆ ಬಿರುಕು ಬಿಡಿಸಬೇಕಾದ ಅನಿಲವೆಲ್ಲ ಬೆಂಕಿಯ ನಾಲಗೆಯಾಗಿ ಸುರಂಗಕ್ಕೆ ಬರುತ್ತದೆ. ಕೆಲಸವೂ ಕೆಟ್ಟಿತು, ಅಪಾಯವೂ ಬಂತು.

ಹೆಜ್ಜೆ 6: ಸಿಡಿಸುವ ಹೊತ್ತು

ಮದ್ದು ತುಂಬುವ ಮುನ್ನ ಒಮ್ಮೆ, ಸಿಡಿಸುವ ಮುನ್ನ ಮತ್ತೊಮ್ಮೆ ಗ್ಯಾಸ್ ಪರೀಕ್ಷೆ. ಮೀಟರನ್ನು ಎದೆಯ ಮಟ್ಟದಲ್ಲಿ ಹಿಡಿದು ಓದಿ ಬರೆದರೆ ಅದು ಪರೀಕ್ಷೆಯಲ್ಲ. ಸೂರಿನ ಕುಳಿಗಳಿಗೆ, ಹಿಂಬದಿಯ ಮೂಲೆಗಳಿಗೆ ಪ್ರೋಬ್ ಎತ್ತಿ ಹಿಡಿಯಬೇಕು. ಭಾರತದ ನಿಯಮದಲ್ಲಿ ಯಾವ ಜಾಗದಲ್ಲೇ ಆಗಲಿ ಮೀಥೇನ್ ಶೇ. 1.25 ಮುಟ್ಟಿದರೆ ಕರೆಂಟ್ ಕಡಿದು ಜನರನ್ನು ಹೊರಗೆ ಕಳಿಸಬೇಕು. ಜಿಲ್ಲೆಯಿಂದ, ಅಂದರೆ ಗಣಿಯ ಆ ವಿಭಾಗದಿಂದ ಮರಳುವ ಗಾಳಿಯಲ್ಲಿ ಶೇ. 0.75ರ ಮೇಲೆ ಹೋಗಬಾರದು. ಆದರೆ ಶಾಟ್ ಹೊಡೆಯುವವನು, ಅಂದರೆ ಮದ್ದು ಸಿಡಿಸುವವನು, ಆ ಅಂಚಿನವರೆಗೆ ಹೋಗಿ ನಿಲ್ಲುವುದಲ್ಲ. ಗ್ಯಾಸ್ ಕಂಡಿತೇ, ಗಾಳಿ ಹೊಡೆದು ತೊಳೆಯುವವರೆಗೆ ಶಾಟ್ ಇಲ್ಲ.

ಸುತ್ತಲ ಕಲ್ಲಿದ್ದಲ ಧೂಳು ಹೊತ್ತಿಕೊಳ್ಳದಂತೆ ಅದಕ್ಕೆ ನೀರು, ಕಲ್ಲುಪುಡಿ. ಒಳಬರುವ ಎಲ್ಲ ದಾರಿಗೂ ಕಾವಲು. ಜನರೆಲ್ಲ ತಾಜಾ ಗಾಳಿಯ ಕಡೆ ದೂರ ಸರಿದ ಮೇಲೆ ಅನುಮೋದಿತ ಎಕ್ಸ್‌ಪ್ಲೋಡರಿನಿಂದಲೇ, ಅಂದರೆ ಕೇಪಿಗೆ ಕರೆಂಟ್ ಕೊಡುವ ಯಂತ್ರದಿಂದಲೇ ಸಿಡಿಸಬೇಕು. ಲೈನ್ ಕರೆಂಟ್, ಬ್ಯಾಟರಿ ಇವೆಲ್ಲ ಕೂಡದು. ಔಟ್‌ಬರ್ಸ್ಟ್ ಭಯವಿರುವ ಗಣಿಗಳಲ್ಲಿ ಚೀನಾದವರು ಕನಿಷ್ಠ ಅರ್ಧ ಗಂಟೆ ಯಾರನ್ನೂ ಒಳಗೆ ಬಿಡುವುದಿಲ್ಲ. ಎಷ್ಟೇ ಅವಸರವಿದ್ದರೂ ಅದಕ್ಕಿಂತ ಕಡಿಮೆ ಮಾಡಬೇಡಿ ಎಂಬುದು ನನ್ನ ಸಲಹೆ. ಒಳಗೆ ಮೊದಲು ಹೋಗುವವನು ಮೀಥೇನ್ ಜೊತೆ ಕಾರ್ಬನ್ ಮಾನಾಕ್ಸೈಡನ್ನೂ ಅಳೆಯಬೇಕು. ಸ್ಫೋಟದ ಹೊಗೆಯಲ್ಲಿ ಅದಿರುತ್ತದೆ, ಅದಕ್ಕೆ ವಾಸನೆಯಿಲ್ಲ. ಸಿಡಿಯದೆ ಉಳಿದ ತೂತು ಕಂಡರೆ ಅದನ್ನು ಕೆದಕುವಂತಿಲ್ಲ, ಎಳೆಯುವಂತಿಲ್ಲ. ಮೇಲ್ವಿಚಾರಕನಾದ ಓವರ್‌ಮ್ಯಾನ್‌ಗೆ ತಿಳಿಸಿ, ಕಾವಲು ಹಾಕಿ.

ಹೆಜ್ಜೆ 7: ಪೈಪಿಗೆ ಜೋಡಿಸಿ, ಕಾದು ನೋಡಿ

ಹೊಗೆ ತೆರವಾಗಿ ಜಾಗ ಸುರಕ್ಷಿತ ಎಂದಾದ ಮೇಲೆ ತಡ ಮಾಡದೆ ತೂತುಗಳನ್ನು ಪೈಪಿಗೆ ಸೇರಿಸಬೇಕು. ಮೇಲಿನ ಭಾರ ಬಿರುಕುಗಳನ್ನು ಮತ್ತೆ ಮುಚ್ಚಲು ಕಾಯುತ್ತಲೇ ಇರುತ್ತದೆ. ಪೈಪಿನಲ್ಲಿ ಮೀಥೇನ್ ಶೇ. 30ಕ್ಕಿಂತ ಕೆಳಗಿಳಿಯದಂತೆ ನೋಡಿಕೊಳ್ಳುವುದು ಜಗತ್ತಿನ ಒಳ್ಳೆಯ ಗಣಿಗಳ ಪದ್ಧತಿ. ಸ್ಫೋಟದ ಮಿತಿಯಾದ ಶೇ. 15ರಿಂದ ಅಷ್ಟು ದೂರವಿದ್ದರೇ ನೆಮ್ಮದಿ.

ಹೊಸ ಬಿರುಕು ಗ್ಯಾಸಿಗೆ ದಾರಿ ಕೊಟ್ಟಂತೆ ಗಾಳಿಗೂ ಕೊಡುತ್ತದೆ. ಹೆಚ್ಚು ಗ್ಯಾಸ್ ಬರಲೆಂದು ಪಂಪನ್ನು ಜೋರಾಗಿ ಎಳೆಸಿದರೆ ಸುರಂಗದ ಗಾಳಿ ಪದರದೊಳಗೆ ನುಗ್ಗಿ ಕಲ್ಲಿದ್ದಲು ತಾನಾಗಿ ಬಿಸಿಯೇರುತ್ತದೆ. ಪೈಪಿನಲ್ಲಿ ಆಮ್ಲಜನಕ ಏರಿತು, ಹಿಂದೆಯೇ ಕಾರ್ಬನ್ ಮಾನಾಕ್ಸೈಡ್ ದಿನದಿನಕ್ಕೆ ಹೆಚ್ಚಿತು ಅಂದರೆ ಒಳಗೆ ಬೆಂಕಿಯ ಸುಳಿವಿದೆ. ಸೆಳೆತ ಇಳಿಸಿ, ಸೀಲು ನೋಡಿ, ಮೇಲಿನವರಿಗೆ ತಿಳಿಸಿ.

ಬ್ಲಾಸ್ಟ್ ಆದ ದಿನ ಗ್ಯಾಸ್ ಹರಿವು ಹಾರುವುದು ಸಹಜ. ಅದನ್ನು ನೋಡಿ ಗೆದ್ದೆವೆಂದು ವರದಿ ಬರೆಯುವವರಿದ್ದಾರೆ. ಬಿರುಕಿನಲ್ಲಿದ್ದ ಗ್ಯಾಸ್ ಖಾಲಿಯಾದ ಮೇಲೆ ಹರಿವು ಕುಸಿಯುತ್ತದೆ. ಸೂಕ್ಷ್ಮ ರಂಧ್ರಗಳಿಂದ ಹೊಸದು ಬಂದು ತುಂಬುತ್ತಿದ್ದರೆ ಮಾತ್ರ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಮೊದಲ ದಿನ, ವಾರ, ತಿಂಗಳು ಹೀಗೆ ಬರೆದು, ಬ್ಲಾಸ್ಟ್ ಮಾಡದೆ ಬಿಟ್ಟ ತೂತುಗಳ ಪಕ್ಕದಲ್ಲಿಟ್ಟು ಹೋಲಿಸಿ. ಕೊನೆಗೆ ಪದರದಿಂದ ಹೊಸ ಮಾದರಿ ತೆಗೆದು ಟನ್ನಿಗೆ ಎಷ್ಟು ಗ್ಯಾಸ್ ಉಳಿದಿದೆ ಎಂದು ಅಳೆಯಿರಿ. ಕಲ್ಲಿದ್ದಲು ಕೀಳಬಹುದೇ ಬೇಡವೇ ಎಂದು ತೀರ್ಮಾನಿಸಬೇಕಾದದ್ದು ಆ ಸಂಖ್ಯೆ, ಟನ್ನೇಜಿನ ಗುರಿಯಲ್ಲ.

ಮದ್ದಿಲ್ಲದ ದಾರಿ

ಉಕ್ಕಿನ ಕೊಳವೆಯೊಳಗೆ ದ್ರವ ಕಾರ್ಬನ್ ಡೈಆಕ್ಸೈಡ್ ತುಂಬಿ, ಹೀಟರಿನಿಂದ ಬಿಸಿ ಮಾಡಿ, ಒತ್ತಡಕ್ಕೆ ತಗಡು ಒಡೆದು ಅನಿಲ ನುಗ್ಗುವಂತೆ ಮಾಡುವ ಕಾರ್ಡಾಕ್ಸ್ ವಿಧಾನ ಬಹಳ ಹಳೆಯದು. ಬ್ರಿಟನ್, ಅಮೆರಿಕದ ಗಣಿಗಳಲ್ಲಿ ಕಳೆದ ಶತಮಾನದಲ್ಲೇ ಬಳಕೆಯಲ್ಲಿತ್ತು. ತೂತಿನಲ್ಲಿ ಜ್ವಾಲೆಯಿಲ್ಲ, ಪೆಟ್ಟು ನಿಧಾನ, ಪುಡಿ ಕಡಿಮೆ. ಚೀನಾದಲ್ಲಿ ಗ್ಯಾಸ್ ತೆಗೆಯಲು ಇದನ್ನು ಮತ್ತೆ ಕೈಗೆತ್ತಿಕೊಂಡಿದ್ದಾರೆ. ನೀರಿನ ಒತ್ತಡದಿಂದ ಸೀಳುವ ಹೈಡ್ರಾಲಿಕ್ ಫ್ರಾಕ್ಚರಿಂಗ್ ಇನ್ನೊಂದು ದಾರಿ. ಗ್ಯಾಸ್ ಹೆಚ್ಚಿರುವ ಪದರದಲ್ಲಿ ಈ ಎರಡರಲ್ಲೊಂದು ಸಾಧ್ಯವಿದ್ದರೆ ನಾನು ಮದ್ದಿಗೆ ಹೋಗುವುದಿಲ್ಲ.

ಹೊರಡುವ ಮೊದಲು

ನಮ್ಮ ಅದಿರು ಗಣಿಗಳಲ್ಲಿ ಪಡೆದ ಸರ್ಟಿಫಿಕೇಟ್ ಕಲ್ಲಿದ್ದಲಿಗೆ ನಡೆಯುವುದಿಲ್ಲ. ಇಲ್ಲಿ ಮೇಟ್ ಆದವರಿಗೆ ಅಲ್ಲಿ ಸರ್ದಾರ್ ಪರೀಕ್ಷೆ, ಫೋರ್‌ಮನ್ ಆದವರಿಗೆ ಓವರ್‌ಮ್ಯಾನ್ ಪರೀಕ್ಷೆ, ಬ್ಲಾಸ್ಟರ್‌ಗೆ ಶಾಟ್‌ಫೈರರ್ ಪರೀಕ್ಷೆ. ಇವಕ್ಕೆಲ್ಲ ಜೊತೆಗೆ ಗ್ಯಾಸ್ ಟೆಸ್ಟಿಂಗ್ ಸರ್ಟಿಫಿಕೇಟ್ ಬೇಕು. ಫ್ಲೇಮ್ ಸೇಫ್ಟಿ ಲ್ಯಾಂಪಿನ ಬತ್ತಿ ತಗ್ಗಿಸಿ, ಜ್ವಾಲೆಯ ಮೇಲೆ ಕೂರುವ ತಿಳಿ ನೀಲಿ ಟೋಪಿಯ ಎತ್ತರ ನೋಡಿ ಗ್ಯಾಸ್ ಎಷ್ಟಿದೆ ಎಂದು ಹೇಳಲು ಕಣ್ಣು ಪಳಗಬೇಕು. ಓದು ಇನ್ನೂ ಮುಗಿಯದವರಿಗೆ ಕೆಜಿಎಫ್‌ನ ಸ್ಕೂಲ್ ಆಫ್ ಮೈನ್ಸ್ ಇದೆ, ಸುರತ್ಕಲ್ ಎನ್‌ಐಟಿಕೆಯಲ್ಲಿ ಮೈನಿಂಗ್ ಎಂಜಿನಿಯರಿಂಗ್ ಇದೆ. ಕೆಜಿಎಫ್‌ನಲ್ಲಿ ಹುಟ್ಟಿದ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಬ್ಲಾಸ್ಟಿಂಗ್ ಮತ್ತು ಕಂಪನದ ಅಧ್ಯಯನ ಮಾಡುತ್ತದೆ. ಅಂಥಲ್ಲಿ ತರಬೇತಿಯ ಅವಕಾಶ ಸಿಕ್ಕರೆ ಬಿಡಬೇಡಿ. ಹಿಂದಿ ಅಥವಾ ತೆಲುಗಿನಲ್ಲಿ "ಗ್ಯಾಸ್ ಇದೆ, ಹೊರಗೆ ನಡೀರಿ" ಎಂದು ಕೂಗಿ ಹೇಳುವಷ್ಟಾದರೂ ಮಾತು ಕಲಿತೇ ರೈಲು ಹತ್ತಿ. ನಿಮ್ಮ ಗ್ಯಾಂಗಿನಲ್ಲಿ ಕನ್ನಡ ಬಲ್ಲವರು ಇರಲಿಕ್ಕಿಲ್ಲ.